ಎಪ್ಪತ್ತು ಬರುವವರೆಗೆ

ನಮ್ಮ ಲ್ಯಾಬಿನ ಮಾಲೀಕರು ಮದುವೆ ಮನೆಯಲ್ಲಿ ನನ್ನನ್ನು ಅಕ್ಕ ಅನ್ನುತ್ತಾರೆ, ಲ್ಯಾಬಿನಲ್ಲಿ ಮೇಡಂ ಅನ್ನುತ್ತಾರೆ. ನಾನೂ ಕಡಿಮೆಯವಳಲ್ಲ. ಅಲ್ಲಿ ‘ಏನಪ್ಪಾ, ಊಟ ಆಯ್ತಾ’ ಅಂದವಳು ಮಾರನೆಯ ದಿನ ಇಲ್ಲಿ ‘ಗುಡ್ ಮಾರ್ನಿಂಗ್ ಸರ್’ ಅನ್ನುತ್ತೇನೆ. ಇಬ್ಬರೂ ಅಲ್ಲಾಳಸಂದ್ರದವರು, ದೂರದ ನೆಂಟಸ್ತಿಕೆ, ಇಬ್ಬರ ಅಪ್ಪಂದಿರೂ ಒಂದೇ ಕೆರೆಯ ನೀರಿಗೆ ಜಗಳವಾಡಿದವರು. ಅವರಪ್ಪ ಹೊಲ ಉಳಿಸಿಕೊಂಡರು, ನಮ್ಮಪ್ಪ ಅವಸರ ಮಾಡಿ ಮಾರಿದರು. ಹಾಗಾಗಿ ಅವರು ಕಟ್ಟಡದ ಮಾಲೀಕರು, ನಾನು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಬಳಕ್ಕೆ ದುಡಿಯುವವಳು. ಇದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳಾಗುತ್ತದೆ. ಇದೆ. ಆದರೆ ನಾನು ಹೇಳಹೊರಟಿರುವುದು ಹೊಟ್ಟೆಕಿಚ್ಚಿನಿಂದ ಹುಟ್ಟಿದ ಮಾತಲ್ಲ.

ಲ್ಯಾಬು ಅಂದರೆ ರಕ್ತ ಮೂತ್ರ ನೋಡುವಂಥದ್ದಲ್ಲ. ಖಾರದ ಪುಡಿಗೆ ಬಣ್ಣ ಬೆರೆಸಿದ್ದಾರಾ, ಜೇನುತುಪ್ಪಕ್ಕೆ ಸಕ್ಕರೆ ಪಾಕ ಸುರಿದಿದ್ದಾರಾ, ಕೆಮ್ಮಿನ ಸಿರಪ್ಪಿನಲ್ಲಿ ಇರಬಾರದ್ದು ಏನಾದರೂ ಇದೆಯಾ ಎಂದು ನೋಡಿ ವರದಿ ಕೊಡುವ ಖಾಸಗಿ ಲ್ಯಾಬು. ಮೊದಲು ನಾನೂ ಯಂತ್ರಗಳ ಮುಂದೆ ನಿಂತು ಪರೀಕ್ಷೆ ಮಾಡುತ್ತಿದ್ದೆ. ಈಗ ಬೇರೆಯವರು ಮಾಡಿದ ಲೆಕ್ಕವನ್ನು ತಿರುವಿ ನೋಡಿ, ತಪ್ಪಿದ್ದರೆ ವಾಪಸ್ ಎಸೆದು, ಸರಿಯಿದ್ದರೆ ಸಹಿ ಹಾಕುತ್ತೇನೆ. ನನ್ನ ನಾಲಿಗೆ ಉದ್ದ ಅಂತ ಎಲ್ಲರೂ ಹೇಳುತ್ತಾರೆ. ವಾಪಸ್ ಎಸೆಯುವ ಕೆಲಸಕ್ಕೆ ನಾಲಿಗೆ ಉದ್ದ ಇರಬೇಕು.

ಕಳೆದ ವರ್ಷ ಭಾಯ್ ನಮ್ಮಲ್ಲಿ ಕೆಲಸಕ್ಕೆ ಸೇರಿದರು. ಅವರ ಹೆಸರು ಬೇಡ, ನಾವೆಲ್ಲ ಭಾಯ್ ಅಂತಲೇ ಕರೆಯುತ್ತಿದ್ದೆವು. ವಯಸ್ಸು ಐವತ್ತು ದಾಟಿತ್ತು. ಯಶವಂತಪುರದ ಆಚೆಗಿದ್ದ ಔಷಧಿ ಫ್ಯಾಕ್ಟರಿಯೊಂದರಲ್ಲಿ ಓದು ಮುಗಿದಾಗಿನಿಂದ ಕೆಲಸ ಮಾಡಿದ್ದರು. ಅದರ ಬಾಗಿಲು ಮುಚ್ಚಿತು. ಆ ವಯಸ್ಸಿನಲ್ಲಿ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ನಮ್ಮ ಸರ್ ಕೊಟ್ಟರು, ಯಾಕೆಂದರೆ ಅನುಭವ ಇರುವವರು ಅಗ್ಗಕ್ಕೆ ಸಿಕ್ಕರೆ ಯಾರು ಬಿಡುತ್ತಾರೆ. ಆರು ತಿಂಗಳು ನೋಡುತ್ತೇವೆ, ಆಮೇಲೆ ಪರ್ಮನೆಂಟ್ ಅಂದಿದ್ದರು.

ಭಾಯ್‌ಗೆ ಪರ್ಮನೆಂಟ್ ಆಗುವುದು ಸಂಬಳಕ್ಕಾಗಿ ಬೇಕಿರಲಿಲ್ಲ. ಅವರ ಹೆಂಡತಿಗೆ ಹೃದಯದ ಕವಾಟ ಕೆಟ್ಟಿತ್ತು. ಬದಲಾಯಿಸಲೇಬೇಕು, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈಗಾಗಲೇ ಕಾಯಿಲೆ ಇರುವವರನ್ನು ಹೊರಗಿನ ವಿಮೆ ಕಂಪನಿಯವರು ಹತ್ತಿರ ಸೇರಿಸುವುದಿಲ್ಲ. ನಮ್ಮ ಲ್ಯಾಬಿನ ಪರ್ಮನೆಂಟ್ ಕೆಲಸಗಾರರಿಗೆ ಗುಂಪು ವಿಮೆ ಇದೆ. ಅದರಲ್ಲಿ ಹೆಂಡತಿಯೂ ಬರುತ್ತಾಳೆ, ಹಳೆಯ ಕಾಯಿಲೆಯೂ ಬರುತ್ತದೆ. ಸೇರಿದ ವಾರವೇ ಅವರು ನನ್ನ ಟೇಬಲ್ಲಿಗೆ ಬಂದು ಆ ವಿಮೆಯ ವಿಷಯವನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು.

‘ಪರ್ಮನೆಂಟ್ ಆದ ದಿನದಿಂದಾನೇ ಬರುತ್ತಾ ಮೇಡಂ? ಅದಕ್ಕೂ ವೇಟಿಂಗ್ ಇದೆಯಾ?’

‘ಅವತ್ತಿಂದಾನೇ ಭಾಯ್. ಹೆಸರು ಕಳ್ಸಿದ್ರೆ ಆಯ್ತು.’

‘ಬಸ್, ಅಷ್ಟೇ ಬೇಕಿತ್ತು’ ಅಂದು ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ದಿನಾ ಮನೆಗೆ ಫೋನ್ ಮಾಡುತ್ತಿದ್ದರು. ‘ಗೋಲಿಯಾಂ ಖಾಯೆ ಕ್ಯಾ?’ ಎಂದು ಕೇಳಿ, ಆ ಕಡೆಯ ಮಾತಿಗೆ ‘ಹೌ, ಹೌ’ ಅನ್ನುತ್ತ ಡಬ್ಬಿ ಬಿಚ್ಚುತ್ತಿದ್ದರು. ಆಕೆ ಮಾತ್ರೆ ತೆಗೆದುಕೊಂಡಳು ಎಂದು ಗೊತ್ತಾದ ಮೇಲೆಯೇ ಅವರ ಊಟ.

ಅವರು ಬಂದ ಹೊತ್ತಿಗೆ ಸರಿಯಾಗಿ ನಮಗೆ ಒಂದು ವಿಚಿತ್ರ ಕೆಲಸ ಬಂತು. ಯಾವುದೋ ಇಲಾಖೆಯವರು ಅಂಗಡಿಗಳಿಂದ ವಶಪಡಿಸಿಕೊಂಡ ಇ-ಸಿಗರೇಟಿನ ದ್ರವಗಳನ್ನು ಪೆಟ್ಟಿಗೆಗಟ್ಟಲೆ ಕಳಿಸಿದರು. ಮಾರುವುದು, ಇಟ್ಟುಕೊಳ್ಳುವುದು ಎಲ್ಲ ನಿಷೇಧವಾಗಿರುವ ಸಾಮಾನು. ಆದರೂ ಕಾಲೇಜುಗಳ ಸುತ್ತ ಧಾರಾಳವಾಗಿ ಸಿಗುತ್ತದೆ. ಪುಟ್ಟ ಪುಟ್ಟ ಬಾಟಲಿಗಳು, ಮಾವು, ಪುದೀನ, ಬಬಲ್‌ಗಮ್ ಎಂಬ ಹೆಸರುಗಳು, ಮಕ್ಕಳ ಚಾಕೊಲೇಟಿನ ಹಾಗೆ ಬಣ್ಣದ ಚೀಟಿಗಳು. ನನಗೆ ಆ ವಾಸನೆಗೇ ತಲೆನೋವು ಬರುತ್ತಿತ್ತು. ಯಾರೋ ಹಾಳಾಗುವುದಕ್ಕೆ ಕೊಂಡುಕೊಳ್ಳುವ ಹೊಗೆಯನ್ನು ನಾವು ಕೂದಲು ಸೀಳಿದ ಹಾಗೆ ಅಳೆಯಬೇಕಿತ್ತು.

ಆ ದ್ರವದಲ್ಲಿ ನಿಕೋಟಿನ್ನು ಮತ್ತು ಪರಿಮಳ ಇರುವುದು ಸ್ವಲ್ಪವೇ. ಉಳಿದದ್ದೆಲ್ಲ ಎರಡು ಸಾಮಾನು. ಒಂದು ಪ್ರೊಪಿಲೀನ್ ಗ್ಲೈಕಾಲ್, ತೆಳು, ಗಂಟಲಿಗೆ ಚುರುಕು ಮುಟ್ಟಿಸುವುದು ಅದು. ಇನ್ನೊಂದು ಗ್ಲಿಸರಿನ್, ಮಂದ, ದಟ್ಟ ಹೊಗೆ ಬರಿಸುವುದು ಅದು. ಎರಡೂ ಎಷ್ಟೆಷ್ಟು ಪಾಲು ಇವೆ, ಚೀಟಿಯ ಮೇಲೆ ಬರೆದಿರುವುದು ನಿಜವೇ ಎಂದು ಇಲಾಖೆಗೆ ತಿಳಿಯಬೇಕಿತ್ತು. ಒಂದಿಷ್ಟು ದ್ರವವನ್ನು ತೂಗಿ, ಮೆಥನಾಲ್‌ನಲ್ಲಿ ಕರಗಿಸಿ, ಸೂಜಿಯಲ್ಲಿ ಯಂತ್ರಕ್ಕೆ ಚುಚ್ಚಿದರೆ ಅದು ಎರಡನ್ನೂ ಬೇರೆ ಮಾಡಿ ಪರದೆಯ ಮೇಲೆ ಎರಡು ಗುಡ್ಡ ಬಿಡಿಸುತ್ತದೆ. ಗುಡ್ಡದ ವಿಸ್ತೀರ್ಣ ನೋಡಿ ಪಾಲು ಲೆಕ್ಕ ಹಾಕಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಗ್ಲಿಸರಿನ್ನಿನ ಗುಡ್ಡ ಬಾಲ ಎಳೆಯುತ್ತದೆ, ಸೂಜಿಯಲ್ಲಿ ಉಳಿದುಕೊಳ್ಳುತ್ತದೆ, ಹಿಂದಿನ ಬಾಟಲಿಯದು ಮುಂದಿನದಕ್ಕೆ ಸೇರುತ್ತದೆ. ನಮ್ಮ ಹುಡುಗರು ಎರಡು ವಾರ ಒದ್ದಾಡಿ ಕೈಬಿಟ್ಟಿದ್ದನ್ನು ಭಾಯ್ ಸದ್ದಿಲ್ಲದೆ ಹಿಡಿತಕ್ಕೆ ತಂದರು. ಫ್ಯಾಕ್ಟರಿಯಲ್ಲಿ ಸಿರಪ್ಪಿಗೆ ಹಾಕುತ್ತಿದ್ದದ್ದೂ ಇವೇ ಎರಡು ಸಾಮಾನಂತೆ. ಅವರ ಲೆಕ್ಕದಲ್ಲಿ ವಾಪಸ್ ಎಸೆಯುವಂಥದ್ದು ನನಗೆ ಏನೂ ಸಿಗಲಿಲ್ಲ, ಹುಡುಕದೆ ಬಿಟ್ಟವಳಲ್ಲ ನಾನು.

ಇನ್ನು ನಮ್ಮ ಲ್ಯಾಬಿನ ಪದ್ಧತಿ ಹೇಳಬೇಕು. ಪರ್ಮನೆಂಟ್ ಮಾಡುವ ಮುಂಚೆ ಸರ್ ತಮ್ಮ ಕೈಯಾರೆ ಒಂದು ಬಾಟಲಿ ಬೆರೆಸಿ ಕೊಡುತ್ತಾರೆ. ಒಳಗೆ ಎಷ್ಟು ಏನು ಇದೆ ಎಂದು ಅವರಿಗೆ ಮಾತ್ರ ಗೊತ್ತು. ಪರೀಕ್ಷೆ ಮಾಡಿ ಅದನ್ನು ಹೇಳಬೇಕು. ಬಂದ ಉತ್ತರ ಅವರ ಉತ್ತರಕ್ಕೆ ಕೂಡಿಬಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ಆ ಬಾಟಲಿಗೆ ನಾವು ಪ್ರಸಾದ ಎಂದು ಹೆಸರಿಟ್ಟಿದ್ದೆವು. ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು, ಏನಿದೆ ಎಂದು ಕೇಳಬಾರದು.

ಪ್ರಸಾದ ಬೆರೆಸುವುದು ಸರ್ ಕ್ಯಾಬಿನ್ನಿನಲ್ಲಿ, ಬಾಗಿಲು ಹಾಕಿಕೊಂಡು. ಅದಕ್ಕೆಂದೇ ಅವರ ಹತ್ತಿರ ಒಂದು ಪಿಪೆಟ್ ಇದೆ, ದ್ರವ ಎಳೆದು ಅಳೆಯುವ ಗಾಜಿನ ಕೊಳವೆ. ಹೊರದೇಶದಲ್ಲಿ ಡಾಕ್ಟರೇಟ್ ಮಾಡುವಾಗ ಗುರುಗಳು ಕೊಟ್ಟದ್ದಂತೆ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ‘ತೂಕ ಮಾಡೋರು ಕಿರಾಣಿ ಅಂಗಡಿಯವ್ರು, ಕೆಮಿಸ್ಟ್ ಆದವ್ನು ಅಳೀತಾನೆ’ ಎಂದು ಹೊಸಬರಿಗೆ ಭಾಷಣ ಮಾಡುತ್ತಾರೆ. ನೀರಿನಂಥ ಸಾಮಾನು ಅಳೆಯುವಷ್ಟು ದಿನ ಆ ಮಾತು ನಡೆಯಿತು.

ಡಿಸೆಂಬರಿನ ಒಂದು ಚಳಿಯ ದಿನ ಭಾಯ್‌ಗೆ ಪ್ರಸಾದ ಸಿಕ್ಕಿತು. ಅವರ ಕೈಯಲ್ಲಿದ್ದ ಕೆಲಸವೇ ಆಗಲಿ ಎಂದು ಸರ್ ಎರಡೇ ಸಾಮಾನು ಬೆರೆಸಿದ್ದರು, ಗ್ಲಿಸರಿನ್ ಮತ್ತು ಗ್ಲೈಕಾಲ್. ಭಾಯ್ ಪರೀಕ್ಷೆ ಮಾಡಿ ಅರವತ್ತಾರಕ್ಕೆ ಮೂವತ್ತನಾಲ್ಕು ಎಂದು ಬರೆದುಕೊಟ್ಟರು. ಸರ್ ಹಾಳೆಯನ್ನು ನೋಡಿ, ಕ್ಯಾಬಿನ್ನಿನಿಂದ ಎದ್ದು ಬಂದು, ಎಲ್ಲರ ಮುಂದೆ ಅವರ ಟೇಬಲ್ಲಿನ ಮೇಲೆ ಬಿಸಾಕಿದರು.

‘ಏನ್ರೀ ಇದು? ನಿಮ್ ಫ್ಯಾಕ್ಟರೀಲಿ ಗ್ಲಿಸರಿನ್ ಅಂದ್ರೆ ತುಟಿಗೆ ಹಚ್ಕೊಳ್ಳೋದು ಅಂತ ಹೇಳ್ಕೊಟ್ಟಿದ್ರಾ?’

ಹುಡುಗರು ನಕ್ಕರು. ನಗದಿದ್ದರೆ ಮುಂದಿನ ಸರದಿ ತಮ್ಮದು ಎಂದು ಅವರಿಗೆ ಗೊತ್ತು. ಭಾಯ್ ಹಾಳೆ ಎತ್ತಿಕೊಂಡು, ‘ಮತ್ತೆ ಮಾಡ್ತೀನಿ ಸರ್’ ಅಂದರು.

ಎರಡನೇ ಸಲವೂ ಅರವತ್ತಾರೇ ಬಂತು. ಯಂತ್ರವನ್ನು ತೊಳೆದು, ಹೊಸ ಸೂಜಿ ಹಾಕಿ, ಗೊತ್ತಿರುವ ಮಿಶ್ರಣವನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ ಮಾಡಿದ್ದರು. ನಾನೇ ನಿಂತು ನೋಡಿದ್ದೆ. ಸರ್‌ಗೆ ಸಿಟ್ಟು ನೆತ್ತಿಗೇರಿತು.

‘ಕಣ್ಣು ಕಾಣಿಸ್ದಿದ್ರೆ ಕನ್ನಡಕ ಬದಲಾಯ್ಸಿ. ವಯಸ್ಸಾಯ್ತು ಅಂದ್ರೆ ಮನೇಲಿರಿ. ಎಪ್ಪತ್ತು ಹಾಕಿರೋದು ನಾನು. ಎಪ್ಪತ್ತು ಬರೋವರ್ಗೂ ಮಾಡಿ.’

ಉತ್ತರವನ್ನು ಸರ್ ತಮ್ಮ ಬಾಯಿಂದಲೇ ಉದುರಿಸಿದರು. ಅಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು, ನಾನೂ ಕೇಳಿಸಿಕೊಂಡೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಆಮೇಲೆ ನಮ್ಮ ಲ್ಯಾಬಿನಲ್ಲಿ ಇದು ಯಾರಿಗೂ ನೆನಪಿರಲಿಲ್ಲ.

ಅವತ್ತು ಸಂಜೆ ಭಾಯ್‌ಗೆ ಹೇಳಿದೆ, ‘ನಿಮ್ ನಂಬರ್ ಬದಲಾಯಿಸ್ಬೇಡಿ ಭಾಯ್. ಏನೋ ಇದೆ, ನಾನು ನೋಡ್ತೀನಿ.’ ಅವರು ಕನ್ನಡಕ ಒರೆಸುತ್ತ, ‘ಆಯ್ತು ಮೇಡಂ’ ಅಂದರು. ಮುಖ ನೋಡಲಿಲ್ಲ.

ಏನಿದೆ ಎಂದು ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ ಗೊತ್ತಾಯಿತು. ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸು ಚಿಕ್ಕಜಾಲದಿಂದ ಬರುತ್ತಾಳೆ. ಸಿಂಕಿನ ಮುಂದೆ ನಿಂತು ಗೊಣಗುತ್ತಿದ್ದಳು. ಕೈಯಲ್ಲಿ ಸರ್ ಪಿಪೆಟ್.

‘ಏನಕ್ಕಾ ಇದು, ಒಳಗೆಲ್ಲಾ ಅರಳೆಣ್ಣೆ ಅಂಟ್ಕಂಡಂಗೈತೆ. ಇನ್ನೂ ನೀರ್ ಬಿಟ್ಟಿಲ್ಲ, ಕೈಗೆಲ್ಲಾ ಅಂಟ್ತೈತೆ.’

ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದೆ. ಗಾಜಿನ ಒಳಗೋಡೆಯ ಉದ್ದಕ್ಕೂ ಗ್ಲಿಸರಿನ್ ಕೂತಿತ್ತು. ಬಗ್ಗಿಸಿದರೆ ಎಳೆಎಳೆಯಾಗಿ ಇನ್ನೂ ಇಳಿಯುತ್ತಿತ್ತು. ನನಗೆ ನಗು ಬಂತು, ಹಿಂದೆಯೇ ಮೈ ಉರಿಯಿತು. ನಮ್ಮ ಮನೆಯಲ್ಲಿ ಅಜ್ಜಿ ಹರಳೆಣ್ಣೆ ಅಳೆದ ಪಾವನ್ನು ಡಬ್ಬದ ಬಾಯಿಗೆ ಬೋರಲು ಹಾಕಿ, ಹಸುವಿನ ಕೆಲಸ ಮುಗಿಸಿ ಬಂದು ಎತ್ತುತ್ತಿದ್ದಳು. ಮಂದದ ಸಾಮಾನು ಅಳತೆಯಲ್ಲೇ ಉಳಿದುಕೊಳ್ಳುತ್ತದೆ ಎಂದು ಊರಿನ ಪ್ರತಿ ಮನೆಗೂ ಗೊತ್ತು. ಸರ್ ಮನೆಗೂ ಗೊತ್ತಿತ್ತು. ಅವರು ಚಳಿಯಲ್ಲಿ ಹೆಪ್ಪುಗಟ್ಟಿದಂತಾಗಿದ್ದ ಗ್ಲಿಸರಿನ್ನನ್ನು ಪಿಪೆಟ್ಟಿನಲ್ಲಿ ಎಳೆದು, ನೀರನ್ನು ಬಿಟ್ಟ ಹಾಗೆ ಸರಸರ ಬಿಟ್ಟು, ಎಪ್ಪತ್ತು ಪಾಲು ಬಿತ್ತು ಎಂದು ಬರೆದುಕೊಂಡಿದ್ದಾರೆ. ಬಿದ್ದದ್ದು ಕಡಿಮೆ, ಉಳಿದದ್ದು ಗೋಡೆಯಲ್ಲಿ. ಭಾಯ್ ಹೇಳಿದ ಅರವತ್ತಾರೇ ಸರಿ.

ನಾನು ಸೀದಾ ಕ್ಯಾಬಿನ್ನಿಗೆ ಹೋದೆ. ಬಾಗಿಲು ಹಾಕಿ, ಯಾರಿಗೂ ಕೇಳಿಸದ ಹಾಗೆ, ನೆಂಟಸ್ತಿಕೆಯ ಮರ್ಯಾದೆ ಇಟ್ಟುಕೊಂಡು ಹೇಳಿದೆ. ಯಾರ ಮುಂದೂ ತಲೆ ತಗ್ಗಿಸುವುದು ಬೇಡ, ಇನ್ನೊಂದು ಬಾಟಲಿ ತೂಕ ಮಾಡಿ ಬೆರೆಸಿ ಕೊಡಿ, ಅವರು ಸರಿಯಾಗಿ ಹೇಳುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದೆ. ಸರ್ ಪಿಪೆಟ್ಟನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಿವಿ ಕೆಂಪಗಾಯಿತು, ಹುಡುಗನಾಗಿದ್ದಾಗಲೂ ಹಾಗೆಯೇ ಆಗುತ್ತಿತ್ತು. ಅದನ್ನು ಕೆಳಗಿಟ್ಟು ‘ಥ್ಯಾಂಕ್ಸ್ ಮೇಡಂ. ನಾನ್ ನೋಡ್ಕೋತೀನಿ’ ಅಂದರು. ಅವರ ಟೇಬಲ್ಲಿನ ಮೇಲೆ ಬೋರಲಾಗಿ ಒಂದು ಹಾಳೆ ಇತ್ತು. ಅದೇನೆಂದು ನಾನು ಕೇಳಲಿಲ್ಲ. ಭಾಯ್ ಉಳಿದರು ಎಂದುಕೊಂಡು ಸಮಾಧಾನವಾಗಿ ಹೊರಗೆ ಬಂದೆ.

ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಕರೆದರು. ಮೇಜಿನ ಮೇಲೆ ಬೇಕರಿಯಿಂದ ತರಿಸಿದ ದಿಲ್‌ಪಸಂದ್ ಇತ್ತು. ನಮ್ಮಲ್ಲಿ ಯಾರಾದರೂ ಪರ್ಮನೆಂಟ್ ಆದರೆ ದಿಲ್‌ಪಸಂದ್ ಬರುತ್ತದೆ, ಬೇರೆ ಯಾವುದಕ್ಕೂ ಬರುವುದಿಲ್ಲ. ಪೊಟ್ಟಣ ನೋಡಿದ ಕೂಡಲೇ ಭಾಯ್ ಮುಖ ಅರಳಿತು. ಹುಡುಗರು ಅವರ ಬೆನ್ನು ತಟ್ಟಿದರು. ಒಬ್ಬ ‘ಕಂಗ್ರಾಟ್ಸ್ ಭಾಯ್, ಮನೇಲಿ ಬಿರಿಯಾನಿ ಯಾವತ್ತು?’ ಅಂದ. ಸರ್ ತಾವೇ ಒಂದು ತುಂಡು ಎತ್ತಿ ಭಾಯ್ ಕೈಗೆ ಕೊಟ್ಟರು. ಆಮೇಲೆ ಎಲ್ಲರಿಗೂ ಹಂಚಿಸಿದರು. ಆಮೇಲೆ ಮಾತು ಶುರು ಮಾಡಿದರು.

‘ಇವ್ರು ಎರಡು ಸಲ ಅರವತ್ತಾರು ಅಂದ್ರು. ಅದು ಕರೆಕ್ಟ್.’

ನಾನು ನಿಟ್ಟುಸಿರು ಬಿಟ್ಟೆ. ಅಷ್ಟಾದರೂ ಒಪ್ಪಿಕೊಂಡರಲ್ಲ ಅನ್ನಿಸಿತು.

‘ನಾನು ಹಾಕಿದ್ದೇ ಅರವತ್ತಾರು. ಎಪ್ಪತ್ತು ಅಂತ ಬೇಕೂಂತಾನೇ ಹೇಳಿದ್ದು. ಒತ್ತಡ ಹಾಕಿದ್ರೆ ಮನುಷ್ಯ ನಿಲ್ತಾನಾ ಬಗ್ತಾನಾ, ಅದು ನೋಡ್ಬೇಕಿತ್ತು.’ ಅವತ್ತು ಅವರ ಟೇಬಲ್ಲಿನ ಮೇಲೆ ಬೋರಲಾಗಿದ್ದ ಹಾಳೆಯನ್ನು ಎತ್ತಿ ತೋರಿಸಿದರು. ‘ಶುಕ್ರವಾರ ಬೆಳಿಗ್ಗೆ ಇದನ್ನ ಕೊಟ್ರು. ಎಪ್ಪತ್ತಕ್ಕೆ ಮೂವತ್ತು. ಹೆಂಗೆ ಬಂತು ಭಾಯ್? ಯಂತ್ರ ಕೊಟ್ಟಿದ್ದಾ, ನೀವು ಬರೆದಿದ್ದಾ?’

ಭಾಯ್ ಕೈಯಲ್ಲಿ ದಿಲ್‌ಪಸಂದ್ ಹಾಗೇ ಇತ್ತು.

‘ಕೇಳ್ತಿದೀನಿ. ಯಂತ್ರಾನಾ, ನೀವಾ?’

‘ನಾನು ಸರ್.’

‘ಕೇಳಿಸ್ಲಿಲ್ಲ.’

‘ನಾನೇ ಬರೆದೆ ಸರ್.’

‘ಕೆಲಸ ಗೊತ್ತು, ಬೆನ್ನುಮೂಳೆ ಇಲ್ಲ’ ಅಂದರು ಸರ್, ನಮ್ಮೆಲ್ಲರ ಕಡೆ ತಿರುಗಿ, ಪಾಠ ಮಾಡುವ ದನಿಯಲ್ಲಿ. ‘ಇಂಥೋರ ಸಹಿ ನನ್ ಲ್ಯಾಬಿನ ರಿಪೋರ್ಟ್ ಮೇಲೆ ಇರಬಾರ್ದು. ಲೆಕ್ಕ ಮುಗ್ಸಿ ಕಳ್ಸಿ. ತಿನ್ನಿ, ತಿನ್ನಿ ಎಲ್ರೂ, ಯಾಕ್ ಹಿಡ್ಕೊಂಡು ನಿಂತಿದೀರಾ?’

ಎಲ್ಲರೂ ತಿಂದರು. ಎಪ್ಪತ್ತು ಬರುವವರೆಗೂ ಮಾಡಿ ಎಂದು ಕೂಗಿದ್ದನ್ನು ಕಿವಿಯಾರೆ ಕೇಳಿದವರೆಲ್ಲ ತಲೆ ತಗ್ಗಿಸಿ ಕೊಬ್ಬರಿ, ಚೆರ್ರಿ ಅಗಿದರು. ಭಾಯ್ ತಮ್ಮ ತುಂಡನ್ನು ಮೇಜಿನ ಮೇಲೆ ಕಾಗದ ಹಾಸಿ ಮೆತ್ತಗೆ ಇಟ್ಟು ಹೊರಗೆ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ, ಚರ್ಮ ಸುಡುವ ವಾಸನೆ ಅವತ್ತು ಗೊತ್ತಾಯಿತು.

ನಾನು ಕ್ಯಾಬಿನ್ನಿಗೆ ನುಗ್ಗಿದೆ. ಸರ್ ಗಿರ್ ಎಲ್ಲ ಬಿಟ್ಟೆ.

‘ಏನೋ ಇದು? ಮಾನ ಇದೆಯೇನೋ ನಿಂಗೆ? ಪಿಪೆಟ್ ತಂದು ತೋರಿಸ್ದವಳು ನಾನು. ಬೇಕೂಂತ ಹೇಳಿದ್ದಾ ನೀನು?’

ಅವರು ಕೂತಲ್ಲಿಂದ ಅಲ್ಲಾಡಲಿಲ್ಲ. ‘ಲ್ಯಾಬ್‌ನಲ್ಲಿದೀವಿ ಮೇಡಂ’ ಅಂದರು. ಆಮೇಲೆ ಬಲು ಶಾಂತವಾಗಿ, ‘ಒಂದೇ ಮಾತು ಹೇಳಿ. ನನ್ ಪಿಪೆಟ್ ಹಾಳಾಗ್ ಹೋಗ್ಲಿ. ಅವ್ರು ಬರೆದಿದ್ದು ಸುಳ್ಳು ತಾನೆ? ನಾನೇನ್ ಕೈ ಹಿಡಿದು ಬರೆಸಿದ್ನಾ?’

ಸುಳ್ಳೇ ಹೌದು. ಬೇರೆ ಯಾರು ಹಾಗೆ ಬರೆದಿದ್ದರೂ ನಾನೇ ವಾಪಸ್ ಎಸೆದು, ಮುಖಕ್ಕೆ ಮಂಗಳಾರತಿ ಮಾಡಿ, ಸರ್‌ಗೆ ದೂರು ಕೊಡುತ್ತಿದ್ದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವರು ಕೆಳಗೆ ಬಿದ್ದು, ಮೇಲೆದ್ದು, ಆ ಮಣ್ಣನ್ನು ಇನ್ನೊಬ್ಬರ ಬಾಯಿಗೆ ತುಂಬಿದ್ದರು. ನಾನು ಬಾಗಿಲನ್ನು ಜೋರಾಗಿ ಎಳೆದುಕೊಂಡು ಬಂದೆ. ಅದೊಂದು ಮಾಡಲು ಸಾಧ್ಯವಾಯಿತು.

ಭಾಯ್ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಓಡಿಹೋಗಿ ಎಲ್ಲವನ್ನೂ ಹೇಳಿದೆ. ಅರವತ್ತಾರೇ ಹಾಕಿದ್ದೆ ಅಂದದ್ದು ಸುಳ್ಳು, ಸರ್ ಅಳತೆ ತಪ್ಪಿದ್ದು, ಅದನ್ನು ಮುಚ್ಚಿಕೊಳ್ಳಲು ಈ ನಾಟಕ ಎಂದೆ. ಇಷ್ಟು ಗೊತ್ತಾದರೆ ಅವರಿಗೆ ಸ್ವಲ್ಪ ಹಗುರಾಗಬಹುದು ಎಂದುಕೊಂಡಿದ್ದೆ.

‘ಗೊತ್ತಿತ್ತು ಮೇಡಂ’ ಅಂದರು. ‘ಎರಡನೇ ಸಲ ಅದೇ ಬಂದಾಗ್ಲೇ ಗೊತ್ತಾಯ್ತು, ಅವ್ರು ಅಳತೆ ಮಾಡಿ ಹಾಕಿದಾರೆ, ತೂಕ ಮಾಡಿಲ್ಲ ಅಂತ. ಫ್ಯಾಕ್ಟರೀಲಿ ಹೊಸ ಹುಡುಗ್ರು ಇದೇ ತಪ್ಪು ಮಾಡೋರು.’

‘ಮತ್ತೆ ಯಾಕ್ರೀ ಬರೆದ್ರಿ ಎಪ್ಪತ್ತು? ಬದಲಾಯಿಸ್ಬೇಡಿ ಅಂತ ಹೇಳಿದ್ನಲ್ಲ!’

‘ನೀವು ಪರ್ಮನೆಂಟ್ ಮೇಡಂ’ ಅಂದರು. ಕಹಿಯಿಂದ ಅಂದದ್ದಲ್ಲ, ಅರ್ಥ ಮಾಡಿಸುವ ಹಾಗೆ ಅಂದರು. ‘ಮಾಲೀಕರ ತಪ್ಪು ತೋರಿಸ್ದವನ್ನ ಯಾರ್ ಇಟ್ಕೋತಾರೆ? ಇಷ್ಟ್ ವರ್ಷ ಒಂದ್ ನಂಬರ್ ಸುಳ್ಳು ಬರೆದಿರ್ಲಿಲ್ಲ. ಅವಳಿಗೋಸ್ಕರ ಒಂದ್ಸಲ ಬರೆದೆ. ಅಲ್ಲಾ ಅದನ್ನೇ ಹಿಡಿದ.’ ಬಸ್ ಬಂತು, ಹತ್ತಿಕೊಂಡರು.

ನಾನು ಕೆಲಸ ಬಿಟ್ಟೆನಾ? ಇಲ್ಲ. ಬಿಡಬೇಕಿತ್ತು ಅನ್ನುವವರು ಬಂದು ನನ್ನ ಮನೆ ನಡೆಸಿಕೊಡಲಿ, ನಾಳೆಯೇ ಬಿಡುತ್ತೇನೆ. ಇ-ಸಿಗರೇಟಿನ ಉಳಿದ ಬಾಟಲಿಗಳನ್ನು ಹುಡುಗರು ಭಾಯ್ ಕಲಿಸಿದ ಹಾಗೆಯೇ ಪರೀಕ್ಷೆ ಮಾಡಿ ಮುಗಿಸಿದರು. ಇಲಾಖೆಯವರು ಕೆಲಸ ಚೆನ್ನಾಗಿದೆ ಎಂದರು. ಸರ್ ಈಗ ಹೊಸಬರಿಗೆ, ನಮ್ಮ ಲ್ಯಾಬಿನಲ್ಲಿ ಕೈ ಮಾತ್ರ ಅಲ್ಲ, ಪ್ರಾಮಾಣಿಕತೆಯನ್ನೂ ಪರೀಕ್ಷೆ ಮಾಡುತ್ತೇವೆ ಎಂದು ಹೇಳುತ್ತಾರೆ.

ಜನವರಿಯಲ್ಲಿ ಒಂದು ಕೊರಿಯರ್ ಬಂತು. ವಿಮೆ ಕಂಪನಿಯದು. ಬಿಚ್ಚಿದರೆ ಎರಡು ಕಾರ್ಡು, ಒಂದರ ಮೇಲೆ ಭಾಯ್ ಹೆಸರು, ಇನ್ನೊಂದರ ಮೇಲೆ ಅವರ ಹೆಂಡತಿಯ ಹೆಸರು. ನನಗೆ ತಲೆಬುಡ ತಿಳಿಯಲಿಲ್ಲ. ಆಫೀಸು ನೋಡಿಕೊಳ್ಳುವ ಹುಡುಗಿಯನ್ನು ಕರೆದು ಕೇಳಿದೆ.

‘ಅಯ್ಯೋ ಅದಾ ಮೇಡಂ, ಆ ಶುಕ್ರವಾರ ಬೆಳಿಗ್ಗೆ ಸರ್ರೇ ಹೇಳಿದ್ರು, ಭಾಯ್ ಪರ್ಮನೆಂಟ್, ಹೆಸರು ಕಳ್ಸು ಅಂತ. ಕಳ್ಸಿಬಿಟ್ಟೆ. ಆಮೇಲೆ ಸೋಮವಾರ ಕ್ಯಾನ್ಸಲ್ ಮಾಡ್ಸು ಅಂದ್ರು, ಮಾಡಿಸ್ದೆ. ಅಷ್ಟರಲ್ಲಿ ಪ್ರಿಂಟ್ ಆಗಿರ್ಬೇಕು.’

ಶುಕ್ರವಾರ ಬೆಳಿಗ್ಗೆ ಭಾಯ್ ಎಪ್ಪತ್ತು ಬರೆದುಕೊಟ್ಟರು. ಸರ್ ನಂಬಿದರು, ಖುಷಿಯಾಗಿ ಹೆಸರು ಕಳಿಸಿದರು. ಅಲ್ಲಿಗೆ ಎಲ್ಲ ಮುಗಿದಿತ್ತು, ಭಾಯ್ ಗೆದ್ದಿದ್ದರು. ನಾನು ಪಿಪೆಟ್ ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದದ್ದು ಮಧ್ಯಾಹ್ನ. ನಾನು ಹೋಗದೆ ಇದ್ದಿದ್ದರೆ ಆ ದಿಲ್‌ಪಸಂದ್ ನಿಜವಾದ ದಿಲ್‌ಪಸಂದ್ ಆಗುತ್ತಿತ್ತು. ನಾನು ಮಾಡಿದ್ದು ಸರಿ. ಇವತ್ತಿಗೂ ಸರಿ ಅಂತಲೇ ಹೇಳುತ್ತೇನೆ.

ಭಾಯ್‌ಗೆ ಫೋನ್ ಮಾಡಿ ಕಾರ್ಡಿನ ವಿಷಯ ಹೇಳಿದೆ.

‘ಅದು ನಡೆಯುತ್ತಾ ಮೇಡಂ?’

‘ಇಲ್ಲ ಭಾಯ್. ಕ್ಯಾನ್ಸಲ್ ಆಗಿದೆ. ಆಸ್ಪತ್ರೇಲಿ ತೋರಿಸಿದ್ರೆ ಬರಲ್ಲ.’

‘ಸ್ವಲ್ಪ ದಿನಾನಾದ್ರೂ?’

‘ಒಂದ್ ದಿನಾನೂ ಇಲ್ಲ ಭಾಯ್.’

ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ. ‘ಆದ್ರೂ ಅವಳ ಕಾರ್ಡ್ ಕೊಡ್ತೀರಾ ಮೇಡಂ?’ ಎಂದು ಕೇಳಿದರು.

ಭಾನುವಾರ ಹೆಬ್ಬಾಳದ ಬಸ್ ಸ್ಟಾಪಿಗೆ ಬಂದರು, ಆರ್.ಟಿ. ನಗರದ ಮನೆಯಿಂದ ನಡೆದುಕೊಂಡೇ ಬಂದಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕೆಲಸ ಎಲ್ಲಿಯಾದರೂ ಸಿಕ್ಕಿತೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದರು. ನಮ್ಮಲ್ಲಿ ಕೆಲಸ ಯಾಕೆ ಬಿಟ್ಟರು ಎಂದು ಎಲ್ಲ ಲ್ಯಾಬಿನವರೂ ಸರ್‌ಗೇ ಫೋನ್ ಮಾಡಿ ವಿಚಾರಿಸುತ್ತಾರಂತೆ. ಆಪರೇಷನ್‌ಗೆ ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕವರ್ ಕೊಟ್ಟೆ. ತಮ್ಮ ಕಾರ್ಡನ್ನು ನನಗೆ ವಾಪಸ್ ಕೊಟ್ಟರು, ಹೆಂಡತಿಯದನ್ನು ಇಟ್ಟುಕೊಂಡರು.

‘ಇದನ್ನ ತಗೊಂಡು ಏನ್ ಮಾಡ್ತೀರಿ ಭಾಯ್?’

‘ಕೆಲಸ ಹೋಗಿದ್ದು ಅವಳಿಗೆ ಹೇಳಿಲ್ಲ ಮೇಡಂ. ಟೆನ್ಷನ್ ಕೊಡ್ಬೇಡಿ ಅಂದಿದಾರೆ ಡಾಕ್ಟ್ರು. ದಿನಾ ಕೇಳ್ತಾಳೆ, ಕಾರ್ಡ್ ಬಂತಾ, ಕಾರ್ಡ್ ಬಂತಾ ಅಂತ. ಇವತ್ತು ತೋರಿಸ್ತೀನಿ. ಡೇಟ್ ಸಿಕ್ಕಿಲ್ಲ, ಕಾಯ್ಬೇಕು ಅಂತೀನಿ. ನಿದ್ದೆನಾದ್ರೂ ಮಾಡ್ತಾಳೆ.’

ಕನ್ನಡಕವನ್ನು ಹಣೆಗೇರಿಸಿ, ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಯಂತ್ರದ ಹಾಳೆ ಓದುತ್ತಿದ್ದ ಹಾಗೆ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿದರು. ಹೆಸರು, ಹುಟ್ಟಿದ ತಾರೀಖು, ಗಂಡನ ಹೆಸರು.

‘ಎಲ್ಲಾ ಕರೆಕ್ಟಾಗಿದೆ ಮೇಡಂ’ ಅಂದು ಅಂಗಿಯ ಜೇಬಿನಲ್ಲಿಟ್ಟುಕೊಂಡರು.